ಟ್ರಿನಿಡಾಡಿನಲ್ಲಿ ಒಂದು ಪಿಸ್ತೂಲು, ಒಂದು ಬೈಗುಳ

ಪಿಯಾರ್ಕೊದಿಂದ ಮನೆಗೆ

ಮಗ ದೂರ ಹೋದರೆ ಎಲ್ಲಿಗೆ ಹೋದಾನು, ಘಾಟ್ಕೋಪರಿಗೆ ತಾನೆ ಎಂದು ನಮ್ಮಪ್ಪ ತಿಳಿದಿದ್ದರು. ಮುಂಬಯಿಯ ಬೈಕುಲ್ಲಾದ ಗಲ್ಲಿಯೊಂದರಲ್ಲಿ ಫ್ರಿಜ್ ರಿಪೇರಿ ಮಾಡಿಕೊಂಡಿದ್ದ ಅವರ ಭೂಗೋಳ ಸೆಂಟ್ರಲ್ ರೈಲ್ವೆ ಲೈನಿನ ಮೇಲೆಯೇ ಮುಗಿಯುತ್ತಿತ್ತು. ಅವರಿಂದ ಕಸಬು ಕಲಿತ ನನ್ನ ತಮ್ಮ ಇಮ್ತಿಯಾಜ್ ಮೊದಲು ಮಸ್ಕತ್ತಿಗೆ ಹೋದ. ಅಲ್ಲಿಂದ ಯಾರದೋ ಮಾತು ಕೇಳಿ ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ಎಂಬ ದ್ವೀಪಕ್ಕೆ ಹೋಗಿ, ಏಸಿ ಮತ್ತು ಫ್ರಿಜ್ಜಿನ ಅಂಗಡಿ ಹಾಕಿ, ಅಲ್ಲಿಯವನೇ ಆಗಿಬಿಟ್ಟ. ಇಳಕಲ್ ಕಡೆಯ ನಸೀಮಾಳನ್ನು ಮದುವೆಯಾಗಿ ಕರೆದುಕೊಂಡು ಹೋದ. ಮಕ್ಕಳಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಅವರಿಬ್ಬರೇ.

ನಾನು ವಡಾಲದ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು, ತಮ್ಮ ಟಿಕೆಟ್ ಕಳಿಸಿದ, ಹೊರಟೆ. ಹೊರಡುವಾಗ ನಮ್ಮವರು ಹೇಳಿದ್ದು ಒಂದೇ ಮಾತು: ಅಲ್ಲಿ ಹೋಗಿ ಯಾರಿಗೂ ಬುದ್ಧಿ ಹೇಳಬೇಡ. ಮೂವತ್ತು ವರ್ಷ ಅದೇ ಕೆಲಸಕ್ಕೆ ಪಗಾರ ತೆಗೆದುಕೊಂಡವಳಿಗೆ ಇದು ಎಂಥ ಕಷ್ಟವೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಪಿಯಾರ್ಕೊ ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟಾಗ ಮುಖಕ್ಕೆ ಬಡಿದದ್ದು ನಮ್ಮ ಮೇ ತಿಂಗಳ ಮುಂಬಯಿಯ ಅದೇ ಬಿಸಿ, ಅದೇ ಜಿಗುಟು. ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಅನ್ನಿಸಿತು. ಕಾರಿನಲ್ಲಿ ರೇಡಿಯೋ ಹಾಡುತ್ತಿತ್ತು. ಹಾಡು ನಿಂತು ಒಂದು ಗಂಭೀರ ದನಿ ಶುರುವಾಯಿತು. ಯಾರು ತೀರಿಕೊಂಡರು, ಯಾರ ತಾಯಿ, ಯಾರ ಅಜ್ಜಿ, ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಓದುತ್ತ ಹೋದರು. ನಡುವೆ ಒಂದು ಮಾತಿಗೆ ಕಿವಿ ನೆಟ್ಟಗಾಯಿತು: ಜನಾಜಾ. ಕಬ್ಬಿನ ಗದ್ದೆಯ ಕೂಲಿಗೆಂದು ಹಡಗು ಹತ್ತಿ ಬಂದವರ ಮರಿಮಕ್ಕಳು ಇಲ್ಲಿ ತುಂಬಾ ಜನ. ಹಿಂದಿ, ಉರ್ದು ಅವರಿಗೆ ಬಾರದು. ಆದರೂ ತಿನ್ನುವ ಪದಾರ್ಥಗಳ ಹೆಸರು ಉಳಿದಿವೆ, ಸಂಬಂಧದ ಹೆಸರು ಉಳಿದಿವೆ, ಹುಟ್ಟು ಸಾವಿನ ಹೆಸರು ಉಳಿದಿವೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮನೆಗಳ ಕಿಟಕಿ, ಬಾಗಿಲು, ವರಾಂಡ ಎಲ್ಲಕ್ಕೂ ಕಬ್ಬಿಣದ ಸರಳು. ನಮ್ಮ ಮುಂಬಯಿಯಲ್ಲೂ ಗ್ರಿಲ್ ಇಲ್ಲದ ಕಿಟಕಿ ಇಲ್ಲ. ಆದರೆ ನಾವು ಅದರಲ್ಲಿ ತುಳಸಿ ಇಡುತ್ತೇವೆ, ಚಡ್ಡಿ ಒಣಹಾಕುತ್ತೇವೆ, ಹಳೆಯ ಡಬ್ಬಿ ತುರುಕುತ್ತೇವೆ. ಇಲ್ಲಿಯ ಸರಳುಗಳ ಮೇಲೆ ಏನೂ ಇರಲಿಲ್ಲ. ಅವು ಕಳ್ಳರಿಗೆಂದೇ ಇದ್ದವು.

ಮನೆ ಮುಟ್ಟಿ ನಾನು ಬ್ಯಾಗು ಬಿಚ್ಚಿದೆ. ನಸೀಮಾಳಿಗೆಂದು ತಂದ ಗೋಡಂಬಿಯ ಪೊಟ್ಟಣ ಮೇಲೆಯೇ ಇತ್ತು. ಅವಳು ಅದನ್ನು ಡಬ್ಬಿಗೆ ಸುರಿಯುವಷ್ಟರಲ್ಲಿ ಇಮ್ತಿಯಾಜ್ ಒಂದು ಹಿಡಿ ಬಾಯಿಗೆ ಹಾಕಿಕೊಂಡ.

"ಜನಾಜಾ ನಿಕಲೋ ತುಮಾರಾ," ಎಂದಳು ನಸೀಮಾ, ತಿರುಗಿಯೂ ನೋಡದೆ.

ನಿಮ್ಮ ಹೆಣದ ಮೆರವಣಿಗೆ ಹೊರಡಲಿ ಎಂದರ್ಥ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ 'ನಿನ್ನ ಹೆಣಾ ಎತ್ಲಿ' ಅನ್ನುತ್ತಾರಲ್ಲ, ಅದರ ದಖನಿ ತಂಗಿ. ನಮ್ಮ ಮನೆಗಳಲ್ಲಿ ಸಿಟ್ಟು, ಸಲಿಗೆ ಎಲ್ಲ ದಖನಿಯಲ್ಲಿ. ಗಂಭೀರ ಮಾತು ಬಂದರೆ ಕನ್ನಡ. ನಸೀಮಾಳ ಬೈಗುಳದಲ್ಲಿ ನನಗೆ ಬಹಳ ಹಿಡಿಸಿದ್ದು ಆ 'ತುಮಾರಾ'. ಸಾಯಿರಿ ಎನ್ನುವಾಗಲೂ ಗಂಡನಿಗೆ ಬಹುವಚನ ಬಿಡಲಿಲ್ಲ. ಆ ಮಾತು ಕೇಳಿದ ಮೇಲೇ ನಾನು ನಮ್ಮವರ ಮನೆಗೆ ಬಂದು ಮುಟ್ಟಿದೆ ಅನ್ನಿಸಿದ್ದು.

ಡಾಕ್ಟರ ಕೋಣೆ

ಇಮ್ತಿಯಾಜನ ಹುಬ್ಬಿನ ಮೇಲೆ ಒಂದು ಹೊಸ ಗಾಯದ ಗುರುತು ಇತ್ತು. ಫೋನಿನಲ್ಲಿ ಅವನು ಅದನ್ನು ತೋರಿಸಿರಲಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಇಬ್ಬರು ಒಳಗೆ ಬಂದು, ಪಿಸ್ತೂಲು ತೋರಿಸಿ, ಗಲ್ಲೆಯಲ್ಲಿದ್ದುದನ್ನು ಬಳಿದುಕೊಂಡು, ಅಪ್ಪ ಕೊಟ್ಟಿದ್ದ ಕೈಗಡಿಯಾರ ಬಿಚ್ಚಿಸಿಕೊಂಡು, ಹೋಗುವಾಗ ಸುಮ್ಮನೆ ಅದೇ ಪಿಸ್ತೂಲಿನ ಹಿಡಿಯಿಂದ ಹುಬ್ಬಿಗೆ ಬಾರಿಸಿ ಹೋದರಂತೆ. ಅಂದಿನಿಂದ ಅವನ ತಲೆಯಲ್ಲಿ ಒಂದೇ ಗುಂಗು. ತನ್ನ ಹತ್ತಿರವೂ ಒಂದು ಪಿಸ್ತೂಲು ಇರಬೇಕು, ಅದೂ ಸರ್ಕಾರದ ಪರವಾನಗಿಯೊಡನೆ.

ನನಗೆ ಬಂದೂಕಿನ ಪರಿಚಯ ಅಷ್ಟಕ್ಕಷ್ಟೆ. ವಡಾಲದಲ್ಲಿ ನಮ್ಮ ಶಾಲೆಯ ಎದುರಿನ ಬ್ಯಾಂಕಿಗೆ ಹಣದ ಗಾಡಿ ಬರುತ್ತಿತ್ತು. ಅದರ ಕಾವಲುಗಾರ ಎರಡು ನಳಿಗೆಯ ಬಂದೂಕನ್ನು ಊರುಗೋಲು ಮಾಡಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದ. ಅದು ಕೊನೆಯ ಸಲ ಯಾವಾಗ ಸಿಡಿದಿತ್ತೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ತಮ್ಮನ ಪರವಾನಗಿಯ ಓಡಾಟ ನನಗೆ ಊರು ನೋಡುವುದಕ್ಕಿಂತ ಹೆಚ್ಚಿನ ಕುತೂಹಲದ್ದಾಯಿತು. ಸಮುದ್ರದಂಡೆ ಆಮೇಲೆ ನೋಡೋಣ ಎಂದು ಅವನ ಬೆನ್ನು ಹತ್ತಿದೆ.

ಅರ್ಜಿ ಕೊಟ್ಟು ಬಹಳ ಕಾಲವಾಗಿತ್ತು. ಈಗ ಕೊನೆಯ ಸುತ್ತು. ತಲೆ ನೆಟ್ಟಗಿದೆ ಎಂದು ಡಾಕ್ಟರು ಬರೆದುಕೊಡಬೇಕು, ಗುಂಡು ಹಾರಿಸುವುದನ್ನು ಕಲಿಯಬೇಕು, ಮನೆಯಲ್ಲಿ ಗೋಡೆಗೆ ಬಿಗಿದ ತಿಜೋರಿ ಇರಬೇಕು, ಅದರ ಬೀಗದ ಕೈ ಪರವಾನಗಿ ಇದ್ದವನ ಬಳಿಯೇ ಇರಬೇಕು, ಹೆಂಡತಿಯ ಬಳಿಯೂ ಇರಬಾರದು. ಕಡೆಗೆ ಪೊಲೀಸರು ಮನೆಗೆ ಬಂದು ಮನೆಯವರನ್ನೆಲ್ಲ ಮಾತಾಡಿಸಬೇಕು.

ಡಾಕ್ಟರ ಕೋಣೆಯ ಹೊರಗೆ ಏಳೆಂಟು ಜನ ಕೂತಿದ್ದರು. ನಾನು ಒಳಗೆ ಹೋಗಿ ಖಾಲಿ ಕುರ್ಚಿ ನೋಡಿ ಕೂತೆ. ಎಲ್ಲರೂ ನನ್ನನ್ನೇ ನೋಡತೊಡಗಿದರು. ಸೆರಗು ಸರಿಯಾಗಿಯೇ ಇತ್ತು. ಕಡೆಗೆ ಎದುರಿನ ಅಜ್ಜ, ತಡವಾಗಿ ಬಂದ ಹುಡುಗಿಗೆ ಮಾಸ್ತರು ಹೇಳುವ ಹಾಗೆ, "ಗುಡ್ ಮಾರ್ನಿಂಗ್" ಎಂದು ಎಳೆದು ಹೇಳಿದರು. ಇಲ್ಲಿ ನಾಲ್ಕು ಜನ ಕೂತಲ್ಲಿಗೆ ಹೋದರೆ ಮೊದಲು ಎಲ್ಲರಿಗೂ ಶುಭ ಹೇಳಬೇಕಂತೆ. ಹೇಳದಿದ್ದರೆ ಸೊಕ್ಕಿನವಳು ಎಂದು ಲೆಕ್ಕ. ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಈ ಪದ್ಧತಿ ತಂದರೆ ಕುರ್ಲಾ ಬರುವುದರೊಳಗೆ ಬಾಯಿ ಒಣಗುತ್ತದೆ. ಆದರೂ ನಾನು ಎದ್ದು ನಿಂತು ಇಡೀ ಕೋಣೆಗೆ ಗುಡ್ ಮಾರ್ನಿಂಗ್ ಒಪ್ಪಿಸಿದೆ. ಎಲ್ಲರ ಮುಖ ಅರಳಿತು. ಇನ್ನು ಮೇಲೆ ಶುಭ ಹೇಳುವುದರಲ್ಲಿ ಈ ದ್ವೀಪದವರನ್ನೇ ಮೀರಿಸಬೇಕು ಎಂದು ನಿಶ್ಚಯಿಸಿದೆ.

ಗುಡ್ಡದ ಬುಡದ ಮೈದಾನ

ಗುಂಡು ಹಾರಿಸುವುದನ್ನು ಕಲಿಸುವ ಜಾಗ ಒಂದು ಗುಡ್ಡದ ಬುಡದಲ್ಲಿತ್ತು. ಕಲಿಸುವವರು ಮಿಸ್ ಈವಾನ್ ಎಂಬ ಎತ್ತರದ ಹೆಂಗಸು. ಕೊರಳಲ್ಲಿ ಶಿಲುಬೆ, ಉಗುರಿಗೆ ಕೇಸರಿ ಬಣ್ಣ, ಎಲ್ಲರಿಗೂ 'ಡಾರ್ಲಿಂಗ್' ಅನ್ನುವ ರೂಢಿ. ನನ್ನನ್ನೂ ಡಾರ್ಲಿಂಗ್ ಎಂದರು. ನಮ್ಮವರು ಮೂವತ್ತೈದು ವರ್ಷದಲ್ಲಿ ಆ ತಪ್ಪು ಮಾಡಿಲ್ಲ.

ಅಲ್ಲಿಗೆ ಹೋಗುವ ದಾರಿಯಲ್ಲಿ ನಾವು ಡಬಲ್ಸ್ ತಿಂದಿದ್ದೆವು. ಎರಡು ಮೆತ್ತನೆಯ ಸಣ್ಣ ಪೂರಿಯ ನಡುವೆ ಚನ್ನಾ, ಮೇಲೆ ಖಾರ. ಖಾರ ಎಷ್ಟು ಎಂದು ಮಾರುವವನು ಕೇಳಿದ. ನಾನು ಉತ್ತರ ಕರ್ನಾಟಕದ ಮಾನ ಕಾಯಲು ಜಾಸ್ತಿ ಹಾಕು ಎಂದೆ. ಮಿಸ್ ಈವಾನರ ಪಾಠದ ಅರ್ಧ ನನಗೆ ಕಣ್ಣೀರಿನಲ್ಲೇ ಕಂಡಿತು.

ನಾನು ತಿಳಿದದ್ದು, ಬಂದೂಕಿನ ಪಾಠ ಎಂದರೆ ಹೊಡೆಯುವುದನ್ನು ಕಲಿಸುತ್ತಾರೆ ಎಂದು. ಅವರು ಇಡೀ ಬೆಳಿಗ್ಗೆ ಹೊಡೆಯದಿರುವುದನ್ನೇ ಕಲಿಸಿದರು. ಬೆರಳು ಎಲ್ಲಿ ಇಡಬಾರದು, ನಳಿಗೆಯ ಬಾಯಿ ಎತ್ತ ತಿರುಗಿಸಬಾರದು, ಎದುರಿಗೆ ಇರುವುದು ಏನೆಂದು ಗೊತ್ತಾಗದೆ ಕೈ ಎತ್ತಬಾರದು. ಒಂದೇ ಮಾತನ್ನು ಎಷ್ಟು ಸಲ ಹೇಳಿದರೆಂದರೆ, ನನಗೆ ನನ್ನ ಎರಡನೇ ಇಯತ್ತೆಯ ಮಗ್ಗಿ ನೆನಪಾಯಿತು.

ಆಮೇಲೆ ಇಮ್ತಿಯಾಜನ ಪಾಳಿ ಬಂತು. ಕಿವಿಗೆ ಮುಚ್ಚಿಗೆ ಹಾಕಿಕೊಂಡು ನಿಂತ. ಮೊದಲ ಗುಂಡಿಗೆ ಕಾಗದದ ಮನುಷ್ಯನ ತೋಳಿಗೆ ತಾಗಿತು. ಎರಡನೆಯದು ಮಣ್ಣಿನ ದಿಬ್ಬಕ್ಕೆ. ನಾನು ಕಾಗದ ನೋಡುತ್ತಿರಲಿಲ್ಲ, ಅವನ ಕೈ ನೋಡುತ್ತಿದ್ದೆ. ಸೋಲ್ಡರಿಂಗ್ ಕಡ್ಡಿ ಹಿಡಿದರೆ ಅಲುಗದ ಕೈ ಅದು, ಅಪ್ಪನೇ ಹೊಗಳುತ್ತಿದ್ದ ಕೈ. ಈಗ ನಡುಗುತ್ತಿತ್ತು. ಮಿಸ್ ಈವಾನ್ ಹತ್ತಿರ ಬಂದು ಅವನ ಭುಜ ಒತ್ತಿ, ಉಸಿರು ಬಿಡು ಎಂದರು. ಉಸಿರು ಬಿಟ್ಟ ಮೇಲೆ ಪಾಸಾಗುವಷ್ಟು ಗುಂಡುಗಳು ಕಾಗದಕ್ಕೆ ತಾಗಿದವು. ವಾಪಸು ಬರುವಾಗ ನಾನು ಬುದ್ಧಿ ಹೇಳಲಿಲ್ಲ, ಬಾಯಿ ಇನ್ನೂ ಉರಿಯುತ್ತಿತ್ತು.

ಮನೆಯಲ್ಲಿ ಗೋಡೆಗೆ ತಿಜೋರಿ ಬಿಗಿದದ್ದು ಮರುದಿನ. ನಸೀಮಾ ಅದರತ್ತ ಒಮ್ಮೆ ನೋಡಿ, ಅದರ ಮುಂದೆ ಅಕ್ಕಿಯ ಡ್ರಮ್ಮು ಸರಿಸಿ ಇಟ್ಟಳು. ಇಷ್ಟ ಇಲ್ಲವೇನು ಎಂದು ನಾನು ಕೇಳಿದೆ. ಜಾಗ ಇಲ್ಲ ಎಂದಳು. ಆ ಮನೆಯಲ್ಲಿ ಜಾಗಕ್ಕೆ ಬರವಿರಲಿಲ್ಲ. ನಮ್ಮ ಬೈಕುಲ್ಲಾದ ಖೋಲಿಯಂಥ ನಾಲ್ಕು ಅದರ ಅಡುಗೆಮನೆಯಲ್ಲೇ ಹಿಡಿಸುತ್ತಿದ್ದವು.

ಗೇಟು

ಪೊಲೀಸರು ಬರುತ್ತಾರೆ ಎಂದು ಫೋನು ಬಂದದ್ದು ಸೋಮವಾರ. ಯಾವಾಗ ಎಂದರೆ 'ಜಸ್ಟ್ ನೌ' ಎಂದರಂತೆ. ನಾನು ತಕ್ಷಣ ಸೀರೆ ಬದಲಿಸಿ ಕೂತೆ. ಈ ದ್ವೀಪದಲ್ಲಿ ಜಸ್ಟ್ ನೌ ಎಂದರೆ ಈಗಲ್ಲ ಎಂದರ್ಥ ಅನ್ನುವುದು ಬುಧವಾರ ತಿಳಿಯಿತು. ಅಷ್ಟರಲ್ಲಿ ಸೀರೆ ಮುದುಡಿ ಹೋಗಿತ್ತು.

ಗುರುವಾರ ಸಂಜೆ ದೀಪ ಹಚ್ಚುವ ಹೊತ್ತು. ಇಮ್ತಿಯಾಜ್ ಹಿತ್ತಲಲ್ಲಿ ನಾಯಿಗೆ ಅನ್ನ ಹಾಕುತ್ತಿದ್ದ. ನಸೀಮಾ ಒಲೆಯ ಮುಂದೆ. ಗೇಟಿನ ಆಚೆ ಒಬ್ಬ ಗುಂಡು ಮುಖದ, ಬಿಳಿ ಗಡ್ಡದ, ಟೋಪಿ ಹಾಕಿದ, ಸಾದಾ ಬಟ್ಟೆಯ ಗೃಹಸ್ಥರು ಫೈಲು ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಗಟ್ಟಿಯಾಗಿ, "ಗುಡ್ ನೈಟ್" ಎಂದರು.

ದಾರಿಯಲ್ಲಿ ಹೋಗುವವರು ಯಾರೋ ಮನೆಗೆ ಹೊರಟಿದ್ದಾರೆ, ಶುಭ ಹೇಳಿ ಹೋಗುತ್ತಿದ್ದಾರೆ ಎಂದು ನಾನು ತಿಳಿದೆ. ಡಾಕ್ಟರ ಕೋಣೆಯ ಪಾಠ ಮರೆತಿರಲಿಲ್ಲ. ನಗುತ್ತ, ಅಷ್ಟೇ ಗಟ್ಟಿಯಾಗಿ ಗುಡ್ ನೈಟ್ ಎಂದು ಬಾಗಿಲು ಹಾಕಿದೆ. ಮತ್ತೆ ಗುಡ್ ನೈಟ್ ಕೇಳಿಸಿತು. ಎಂಥ ಸಜ್ಜನರು ಎಂದುಕೊಂಡು ಬಾಗಿಲು ಅರ್ಧ ತೆರೆದು ಮತ್ತೊಮ್ಮೆ ಗುಡ್ ನೈಟ್ ಹೇಳಿ, ಈ ಸಲ ಚಿಲಕವನ್ನೂ ಹಾಕಿದೆ. ಮೂರನೆಯ ಸಲಕ್ಕೆ ಇಮ್ತಿಯಾಜ್ ಹಿತ್ತಲಿನಿಂದ ಅನ್ನ ಮೆತ್ತಿದ ಕೈಯಲ್ಲೇ ಓಡಿ ಬಂದ. ಇಲ್ಲಿ ಸಂಜೆ ಯಾರ ಮನೆಗಾದರೂ ಹೋದರೆ, ಬಂದಿದ್ದೇನೆ ಎಂದು ತಿಳಿಸಲು ಹೇಳುವ ಮಾತೇ ಗುಡ್ ನೈಟ್.

ಹೀಗೆ, ನನ್ನ ತಮ್ಮ ಅಷ್ಟು ಕಾಲ ದಾರಿ ಕಾದಿದ್ದ ಪೊಲೀಸ್ ಕಾರ್ಪೊರಲ್ ಹೊಸೇನರ ಮುಖದ ಮೇಲೆ ನಾನು ಎರಡು ಸಲ ಬಾಗಿಲು ಹಾಕಿದ್ದೆ.

ಊಟದ ಮೇಜು

ಕಾರ್ಪೊರಲ್ ಹೊಸೇನ್ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಊಟದ ಮೇಜಿನ ಮುಂದೆ ಕೂತು ಫೈಲು ಬಿಚ್ಚಿದರು. ಅವರ ಮುತ್ತಜ್ಜನ ಅಪ್ಪ ಹಡಗಿನಲ್ಲಿ ಬಂದವರಂತೆ. ಯಾವ ಊರಿನಿಂದ ಎಂದು ಕೇಳಿದೆ. 'ಇಂಡಿಯಾ' ಎಂದರು, ಅದೊಂದು ಹಳ್ಳಿ ಎಂಬಂತೆ.

ನಮ್ಮ ಬಿಲ್ಡಿಂಗಿನಲ್ಲಿ ಪಾಸ್‌ಪೋರ್ಟಿನ ವಿಚಾರಣೆಗೆ ಹವಾಲ್ದಾರ ಬಂದರೆ ಪಕ್ಕದ ಖೋಲಿಯವರೇ ನಾಲ್ಕು ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ. ಇಲ್ಲಿ ಎಲ್ಲ ಶಾಂತ. ಕುಡಿತ ಇದೆಯೇ, ಸಾಲಗಾರರು ಇದ್ದಾರೆಯೇ, ಯಾರ ಜೊತೆಗಾದರೂ ವೈರ ಇದೆಯೇ ಎಂದು ಅವರು ಮೆಲುದನಿಯಲ್ಲಿ ಕೇಳುತ್ತಿದ್ದರು, ಇಮ್ತಿಯಾಜ್ ಇಲ್ಲ ಇಲ್ಲ ಎನ್ನುತ್ತಿದ್ದ. ಅವನಿಗೆ ಗಾಬರಿಯಾದರೆ ಬಾಯಾಡಿಸುವ ಚಾಳಿ. ನಸೀಮಾ ಅತಿಥಿಗೆಂದು ಇಟ್ಟ ಗೋಡಂಬಿಯ ತಟ್ಟೆ ಅವನ ಕೈಗೆ ಹತ್ತಿರವಿತ್ತು. ಕಾರ್ಪೊರಲ್ ಒಂದು ಬೀಜ ತೆಗೆದುಕೊಳ್ಳಲು ಕೈ ಚಾಚಿದಾಗ ತಟ್ಟೆ ಖಾಲಿಯಾಗಿತ್ತು.

ಚಹಾ ತಂದ ನಸೀಮಾ ಅದನ್ನು ನೋಡಿದಳು. "ಜನಾಜಾ ನಿಕಲೋ ತುಮಾರಾ," ಎಂದಳು, ಎಂದಿನಂತೆ, ಅರ್ಧ ನಗುತ್ತ.

ಕಾರ್ಪೊರಲ್ ಪೆನ್ನು ಕೆಳಗಿಟ್ಟರು. ಎದ್ದು ನಿಂತರು. ಟೋಪಿ ತೆಗೆದು ಎದೆಗೆ ಹಿಡಿದು, ಸಾವಿನ ಸುದ್ದಿ ಕೇಳಿದಾಗ ನಾವು ಹೇಳುವ ಆ ಅರಬ್ಬಿ ಮಾತನ್ನು ತುಟಿಯಲ್ಲೇ ಹೇಳಿಕೊಂಡರು. ಆಮೇಲೆ ಬಹಳ ಮೃದುವಾಗಿ, ಯಾರ ಜನಾಜಾ, ನನಗೆ ಗೊತ್ತಿರಲಿಲ್ಲ, ನಾನು ಬೇರೆ ದಿನ ಬರಬಹುದಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಸೀಮಾಳ ಉಳಿದ ಮಾತು ಅವರಿಗೆ ತಿಳಿದಿರಲಿಲ್ಲ, ಜನಾಜಾ ಒಂದೇ ತಿಳಿದಿತ್ತು. ಮನೆಯಲ್ಲಿ ಚೆನ್ನಾಗಿ ಇಂಗ್ಲಿಷ್ ಬಲ್ಲವಳು ನಾನೆಂಬ ಜವಾಬ್ದಾರಿಯಿಂದ ನಾನೇ ಬಾಯಿ ಹಾಕಿದೆ. ಯಾರೂ ಸತ್ತಿಲ್ಲ ಸರ್, ಇವನು ಸಾಯಲಿ ಎಂದು ಅವಳು ಹೇಳಿದಳು, ಅಷ್ಟೆ ಎಂದೆ.

ಕಾರ್ಪೊರಲ್ ಕೂತರು. ಹೆಂಡತಿ ಹೀಗೆ ಆಗಾಗ ಹೇಳುತ್ತಾರೆಯೇ ಎಂದರು. ದಿನಾಲೂ ಎಂದೆ. ಪ್ರೀತಿ ಹೆಚ್ಚಿದ ದಿನ ಎರಡು ಸಲ ಎಂದೂ ಸೇರಿಸಿದೆ, ವಿಷಯ ತಿಳಿಯಾಗಲಿ ಎಂದು. ಅವರು ಪೆನ್ನು ಎತ್ತಿಕೊಂಡು ಅದೆಲ್ಲವನ್ನೂ ಬರೆದರು. ಬಂದಾಗಿನಿಂದ ಅವರು ಅಷ್ಟು ಉದ್ದ ಬರೆದದ್ದು ಅದೇ ಮೊದಲು. ಇಮ್ತಿಯಾಜ್ ನನ್ನನ್ನು ನೋಡಿದ ನೋಟ ಹೇಳತೀರದು. ನಮ್ಮವರ ಒಂದೇ ಮಾತಿನ ಬೆಲೆ ನನಗೆ ಆಗ ಗೊತ್ತಾಯಿತು.

ಬರೆದು ಮುಗಿಸಿ ಅವರು, ನಾನು ಮನೆಯಾಕೆಯ ಜೊತೆ ಬೇರೆಯಾಗಿ ಮಾತಾಡಬೇಕು ಎಂದರು. ಇಮ್ತಿಯಾಜನಿಗೆ ಹೊರಗೆ ಹೋಗಿ ಕೂರಲು ಹೇಳಿದರು. ನಸೀಮಾಳಿಗೆ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಇಂಗ್ಲಿಷ್ ಬರುತ್ತಿತ್ತು, ಪೊಲೀಸರಿಗೆ ಉತ್ತರ ಕೊಡುವಷ್ಟಲ್ಲ. ಹಾಗಾಗಿ ಹೇಳಿದ್ದನ್ನು ಹೇಳಿದಂತೆ ತಿಳಿಸಬೇಕು, ಒಂದಕ್ಷರ ಕೂಡಿಸಬಾರದು, ಕಳೆಯಬಾರದು ಎಂದು ನನ್ನನ್ನು ಜೊತೆಗೆ ಇಟ್ಟುಕೊಂಡರು.

ಅಡುಗೆಮನೆ

ಅವಳು ಒಲೆ ಆರಿಸಿ ನಿಂತಳು. ನಿಮ್ಮ ಗಂಡನಿಗೆ ನೀವು ಹೆದರುತ್ತೀರಾ ಎಂದು ಅವರು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ಅವಳು ಬಹಳ ಹೊತ್ತು ಅಕ್ಕಿಯ ಡ್ರಮ್ಮಿನ ಕಡೆ ನೋಡಿದಳು. ದಖನಿಯಲ್ಲಿ ಅಕ್ಕ ಎನ್ನುವ 'ಆಪಾ' ಒಂದನ್ನು ಬಿಟ್ಟು ಎಲ್ಲ ಕನ್ನಡದಲ್ಲೇ ಮಾತಾಡಿದಳು. ಗಂಭೀರ ಮಾತೇ ಇದೆ ಎಂದು ಆಗಲೇ ತಿಳಿಯಿತು.

"ನಾ ಅವರಿಗೆ ಅಂಜೂದಿಲ್ರಿ ಆಪಾ. ಅವರು ಅಂಜ್ಯಾರಲ್ಲ, ಅದಕ್ಕ ಅಂಜತೀನಿ. ನಾಯಿ ಬೊಗಳಿದ್ರ ಎದ್ದು ಕುಂಡರ್ತಾರ. ಅಂಜಿದವರ ಕೈಯಾಗ ಅದು ಇದ್ರ ಯಾರು ಏನು ಅಂತ ಕೇಳ್ತಾರೇನು? ರಾತ್ರಿ ಕತ್ತಲಾಗ ನಾ ನೀರು ಕುಡ್ಯಾಕ ಎದ್ದಿರ್ತೀನಿ."

ಹೊರಗೆ ವರಾಂಡದಲ್ಲಿ ತಮ್ಮ ಅತ್ತಿಂದಿತ್ತ ಓಡಾಡುವ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅವನ ಹುಬ್ಬಿನ ಗಾಯ ನನ್ನ ಕಣ್ಣ ಮುಂದಿತ್ತು. ಇದನ್ನು ಹೀಗೇ ಹೇಳಿದರೆ ಅವನಿಗೆ ಪರವಾನಗಿ ಸಿಗುವುದಿಲ್ಲ. ಹೇಳದಿದ್ದರೆ ಇವಳು ಯಾರಿಗೆ ಹೇಳಿಯಾಳು. ಮಕ್ಕಳ ಉತ್ತರವನ್ನು ನಾನು ಎಂದೂ ತಿದ್ದಿ ಬರೆದವಳಲ್ಲ. ಅವಳ ಮಾತನ್ನು ನೀರು ಕುಡಿಯುವವರೆಗೆ ಇದ್ದದ್ದು ಇದ್ದಂತೆ ಇಂಗ್ಲಿಷಿನಲ್ಲಿ ಹೇಳಿದೆ.

ಕಾರ್ಪೊರಲ್ ಬರೆಯಲಿಲ್ಲ. ಹಾಗಾದರೆ ಬೇಡ ಎಂದು ಬರೆಯಲೇ ಎಂದು ಕೇಳಿದರು.

"ಬ್ಯಾಡ ಅಂತ ನಾ ಹೆಂಗ ಹೇಳ್ಲಿರಿ?" ಎಂದಳು ನಸೀಮಾ. "ನಾಳೆ ಅಂಗಡಿಗೆ ಮತ್ತ ಯಾರರೆ ಬಂದು ಏನರೆ ಆದ್ರ, ನಾನೇ ಬ್ಯಾಡಂದೆ ಅಂತ ಸಾಯೂತನಕ ಕೊರಗಬೇಕಾಗ್ತೈತಿ. ಅವರೇ ನೋಡ್ಲಿ."

ಅದನ್ನೂ ಹೇಳಿದೆ. ಅವರು ಫೈಲು ಮುಚ್ಚಿ, ತಿಜೋರಿಯ ಬೋಲ್ಟುಗಳನ್ನು ಜಗ್ಗಿ ನೋಡಿ, ಬೀಗದ ಕೈಯ ನಿಯಮವನ್ನು ಇನ್ನೊಮ್ಮೆ ನೆನಪಿಸಿದರು. ಗೇಟಿನವರೆಗೆ ಬಿಡಲು ನಾನು ಹೋದೆ. ಅಲ್ಲಿ ನಿಂತು ಅವರು, ನನ್ನ ನಾನಿಯೂ ಸಿಟ್ಟು ಬಂದಾಗ ನಮಗೆ ಏನೋ ಅನ್ನುತ್ತಿದ್ದಳು, ನಾವು ಮುದ್ದು ಮಾತು ಎಂದು ತಿಳಿದಿದ್ದೆವು, ಈಗ ಅನುಮಾನ ಬರುತ್ತಿದೆ ಎಂದರು. ಹೋಗುವಾಗಲೂ ಗುಡ್ ನೈಟ್ ಹೇಳಿದರು. ನಾನು ಬಾಗಿಲು ಹಾಕಲಿಲ್ಲ, ಅವರ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದೆ.

ತಿಜೋರಿ

ಸಿಗುವುದಿಲ್ಲ ಎಂದೇ ನಾನು ನಂಬಿದ್ದೆ. ಬೈಗುಳದ ಕಥೆಯಿಂದ ಕೆಟ್ಟಿತು ಎಂದು ಇಮ್ತಿಯಾಜ್ ನನ್ನ ಮೇಲೆ ಒಂದೆರಡು ದಿನ ಮುನಿಸಿಕೊಂಡೂ ಇದ್ದ. ಒಳಗಿನ ಮಾತೇನೆಂದು ಅವನು ಕೇಳಿದ. ಅದು ಅವಳ ಮಾತು, ಅವಳನ್ನೇ ಕೇಳು ಎಂದೆ. ಅವನು ಅವಳನ್ನು ಕೇಳಲಿಲ್ಲ. ನಾನು ಸಮುದ್ರ ನೋಡಿದೆ, ಅವರ ಜೂಲಿ ಮಾವಿನ ಹಣ್ಣು ತಿಂದೆ, ಹಾಪೂಸಿನ ಎದುರು ಅದನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ.

ನಾನು ಹೊರಡುವ ವಾರ ಪರವಾನಗಿ ಬಂತು. ಅವನು ಪಿಸ್ತೂಲು ತಂದು ಮೇಜಿನ ಮೇಲಿಟ್ಟ. ಕಪ್ಪಗೆ, ಅಂಗೈಯಗಲ. ಮುಟ್ಟಲು ನನಗೆ ಅನುಮತಿಯಿಲ್ಲ, ಬಗ್ಗಿ ನೋಡಿದೆ. ಮಿಕ್ಸರಿನ ಬಿಡಿಭಾಗದ ಹಾಗೆ ಸಾಧಾರಣವಾಗಿತ್ತು. ಇದಕ್ಕೆ ಇಷ್ಟೆಲ್ಲ ಆಯಿತೇ ಅನ್ನಿಸಿತು. ಅವನು ಅಕ್ಕಿಯ ಡ್ರಮ್ಮು ಸರಿಸಿ, ತಿಜೋರಿಯಲ್ಲಿಟ್ಟು, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡ. ಅವನ ಮುಖ ಹಗುರಾಗಿತ್ತು. ಅದನ್ನು ನೋಡಿ ನನಗೂ ಸ್ವಲ್ಪ ಸಮಾಧಾನವೇ ಆಯಿತು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನ ಮೊಣಕೈ ತಾಗಿ ಸಾರಿನ ಪಾತ್ರೆ ಉರುಳಿತು. ಬಿಳಿಯ ಮೇಜುಬಟ್ಟೆಯ ತುಂಬ ಸಾರು ಹರಿಯಿತು.

"ಜನಾ..." ಎಂದಳು ನಸೀಮಾ. ಅಲ್ಲಿಗೇ ನಿಂತಳು. ಕೊರಳಿನ ಬೀಗದ ಕೈ ನೋಡಿದಳು. "ಇರ್ಲಿ ಬಿಡ್ರಿ, ವರಸ್ತೀನಿ," ಎಂದಳು.

ಆಮೇಲೆ ನಾನು ಅಲ್ಲಿದ್ದಷ್ಟು ದಿನ ಆ ಮಾತು ಆ ಮನೆಯಲ್ಲಿ ಕೇಳಲಿಲ್ಲ. ಅವನು ಹಾಲು ಉಕ್ಕಿಸಿದ, ಒದ್ದೆ ಟವೆಲು ಹಾಸಿಗೆಯ ಮೇಲೆ ಎಸೆದ, ಡಬ್ಬಿಯ ತಳದ ಗೋಡಂಬಿ ಬಳಿದು ತಿಂದ. ಅವಳು ಎಲ್ಲಕ್ಕೂ ಇರಲಿ ಬಿಡ್ರಿ ಎಂದಳು. ಅಷ್ಟು ಮರ್ಯಾದೆಯ ಸಂಸಾರವನ್ನು ನಾನು ಎಲ್ಲೂ ನೋಡಿಲ್ಲ. ನನಗೆ ಬಹಳ ದುಃಖವಾಯಿತು. ಸಾವು ಮನೆಯಲ್ಲಿ ಇಲ್ಲದಿದ್ದಾಗ ಅದರ ಹೆಸರು ಹಿಡಿದು ಚೇಷ್ಟೆ ಮಾಡಬಹುದು. ಗೋಡೆಯಲ್ಲಿ ಬೀಗ ಹಾಕಿ ಇಟ್ಟ ಮೇಲೆ ನಾಲಗೆ ಹೊರಳುವುದಿಲ್ಲ.

ಮತ್ತೆ ಪಿಯಾರ್ಕೊ

ವಿಮಾನ ನಿಲ್ದಾಣಕ್ಕೆ ನನ್ನನ್ನು ಬಿಡಲು ಇಮ್ತಿಯಾಜ್ ಒಬ್ಬನೇ ಬಂದ. ರೇಡಿಯೋದಲ್ಲಿ ಮತ್ತೆ ಸಾವಿನ ಸುದ್ದಿಗಳು. ಜನಾಜಾ ಎಂಬ ಮಾತು ಬಂದಾಗ ಅವನು ದನಿ ತಗ್ಗಿಸಿದ.

ನಸೀಮಾ ಅಡುಗೆಮನೆಯಲ್ಲಿ ಹೇಳಿದ್ದನ್ನು ಹೇಳುವ ಹಕ್ಕು ನನಗಿರಲಿಲ್ಲ. ಆದರೆ ನನ್ನ ಕಿವಿಗೆ ಕೇಳದೆ ಹೋದದ್ದನ್ನು ಹೇಳಬಹುದಿತ್ತು. ಬ್ಯಾಗು ಇಳಿಸುವಾಗ ಕನ್ನಡದಲ್ಲಿ ಕೇಳಿದೆ.

"ನಸೀಮಾ ನಿನಗ ಬೈಯೂದು ಬಿಟ್ಟಾಳ. ನಿನಗ ಗೊತ್ತಾಗೇತೇನು?"

"ಚಲೋ ಆತಲ್ಲ ಆಪಾ," ಎಂದು ಅವನು ನಕ್ಕ. ನಾನು ನಗಲಿಲ್ಲ. ಅವನ ನಗು ಅರ್ಧಕ್ಕೆ ನಿಂತಿತು. ಕೈ ತಾನಾಗಿ ಕೊರಳಿನ ಬೀಗದ ಕೈಗೆ ಹೋಯಿತು. ಅಷ್ಟರಲ್ಲಿ ಹಿಂದಿನ ಗಾಡಿಯವನು ಹಾರ್ನ್ ಹೊಡೆದ, ನಾವು ಸರಿಯಾಗಿ ಅಪ್ಪಿಕೊಳ್ಳಲೂ ಆಗಲಿಲ್ಲ.

ಬೈಕುಲ್ಲಾ

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಸಮುದ್ರ ಹೇಗಿದೆ ಎಂದು. ನಾನು ಗುಡ್ ನೈಟಿನ ಕಥೆ ಹೇಳಿದೆ. ಬಿಲ್ಡಿಂಗಿನಲ್ಲಿ ಅದು ಎಷ್ಟು ಹಬ್ಬಿತೆಂದರೆ, ಈಗ ಪಕ್ಕದ ಖೋಲಿಯವರು ಸಂಜೆ ಮೊಸರಿನ ಹೆಪ್ಪು ಕೇಳಲು ಬಂದರೆ ಗುಡ್ ನೈಟ್ ಅನ್ನುತ್ತಾರೆ.

ತಮ್ಮನ ಮನೆಗೆ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅವರಿಬ್ಬರೂ ಒಳ್ಳೆಯ ಬಾಡಿಗೆದಾರರ ಹಾಗೆ ಒಬ್ಬರ ಮಾತಿಗೊಬ್ಬರು ಹೂಂ ಎನ್ನುತ್ತಿದ್ದರು. ಪಿಸ್ತೂಲಿನ ಸುದ್ದಿ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಫೋನು ಇಟ್ಟ ಮೇಲೆ ನನಗೆ ಯಾವ ಕೆಲಸಕ್ಕೂ ಕೈ ಹೋಗುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಭಾನುವಾರ. ನಸೀಮಾ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟು ರೊಟ್ಟಿ ತಟ್ಟುತ್ತ ಮಾತಾಡುತ್ತಿದ್ದಳು. ಇಮ್ತಿಯಾಜ್ ಈಗ ಬೆಳಕಿರುವಾಗಲೇ ಅಂಗಡಿ ಮುಚ್ಚಿ ಬರುತ್ತಾನೆ, ಪಕ್ಕದ ಅಂಗಡಿಯವರೂ ಜೊತೆಗೇ ಹೊರಡುತ್ತಾರೆ ಎಂದಳು. ಅವಳ ಹಿಂದೆ ಏನೋ ಠಣ್ ಎಂದು ಬಿತ್ತು. ಹಿಟ್ಟಿನ ಡಬ್ಬಿ ಇರಬೇಕು. ಪರದೆಯ ಅಂಚಿನಲ್ಲಿ ಬಿಳಿ ಧೂಳು ಎದ್ದಿತು, ಅದರೊಳಗೆ ನನ್ನ ತಮ್ಮನ ಅರ್ಧ ಮುಖ.

"ಜನಾಜಾ ನಿಕಲೋ ತುಮಾರಾ," ಎಂದಳು ನಸೀಮಾ, ತಿರುಗಿಯೂ ನೋಡದೆ.

ನಾನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದೆ. ತಮ್ಮನ ಕೊರಳು ನೋಡಿದೆ. ಬರಿದಾಗಿತ್ತು. ಕೇಳಲೇಬೇಕಿತ್ತು.

"ತಿಜೋರ್ಯಾಗ ಏನೈತಿ ಈಗ?"

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಕೈಯ ಹಿಟ್ಟು ಝಾಡಿಸಿ, ಕೊರಳಿನ ದಾರ ಎಳೆದು ಬೀಗದ ಕೈಯನ್ನು ಪರದೆಯ ಮುಂದೆ ಹಿಡಿದಳು.

"ಅದನ್ನ ಪೊಲೀಸರಿಗೆ ತಿರುಗಿ ಕೊಟ್ಟು ಬಂದಾರ್ರಿ. ಈಗ ಗೋಡಂಬಿ," ಎಂದಳು. "ಮತ್ತೆಲ್ಲಿ ಇಟ್ರೂ ನಿಮ್ಮ ತಮ್ಮ ಬಿಡೂದಿಲ್ರಿ ಆಪಾ."